ಪ್ರಾಕ್ಟಿಕಲ್ ಪಿಸ್ತೂಲ್ ಶೂಟಿಂಗ್: ಮೊದಲ ಸಲ ಏನು ಕೊಳ್ಳಬೇಕು?

ಪ್ರಶ್ನೆ: ಕೆಲವು ವರ್ಷಗಳಿಂದ 10 ಮೀಟರ್ ಏರ್ ಪಿಸ್ತೂಲ್ ಹೊಡೆಯುತ್ತಿದ್ದೇನೆ. ಈಗ ಐಪಿಎಸ್‌ಸಿ (ಅಂತರರಾಷ್ಟ್ರೀಯ ಪ್ರಾಕ್ಟಿಕಲ್ ಶೂಟಿಂಗ್ ಒಕ್ಕೂಟ) ಮಾದರಿಯ, ಓಡಾಡಿಕೊಂಡು ಹೊಡೆಯುವ ಪ್ರಾಕ್ಟಿಕಲ್ ಶೂಟಿಂಗ್‌ಗೆ ಬರುವ ಆಸೆ. ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಭಾರದ ಸ್ಟೀಲ್ ಪಿಸ್ತೂಲೇ ಬೇಕು ಅಂತ ಒಬ್ಬರು, ರೆಡ್ ಡಾಟ್ (ಗಾಜಿನಲ್ಲಿ ಕೆಂಪು ಚುಕ್ಕಿ ತೋರಿಸುವ ಸೈಟ್) ಇಲ್ಲದೆ ಬರಲೇಬೇಡಿ ಅಂತ ಇನ್ನೊಬ್ಬರು, ರೇಸ್ ಹೋಲ್‌ಸ್ಟರ್ (ಪಿಸ್ತೂಲನ್ನು ಬೇಗ ಎಳೆಯಲು ಮಾಡಿದ ಸೊಂಟದ ಒರೆ) ತಗೊಳ್ಳಿ ಅಂತ ಮತ್ತೊಬ್ಬರು. ಮೊದಲು ಏನು ಕೊಳ್ಳಲಿ? ಯಾವ ಪಿಸ್ತೂಲು ಒಳ್ಳೆಯದು?

ಉತ್ತರ: ಯಾವ ಪಿಸ್ತೂಲು ಅನ್ನುವುದನ್ನು ಸ್ವಲ್ಪ ಹೊತ್ತು ಬದಿಗಿಡಿ. ನಿಮಗೆ ಸಲಹೆ ಕೊಟ್ಟ ಮೂವರೂ ತಪ್ಪು ಹೇಳಿಲ್ಲ. ಅವರವರು ಆಡುವ ಡಿವಿಷನ್‌ಗೆ, ಅಂದರೆ ಪಿಸ್ತೂಲು, ಸಾಮಾನಿನ ನಿಯಮದ ಪ್ರಕಾರ ಮಾಡಿದ ವಿಭಾಗಕ್ಕೆ, ಅವರು ಹೇಳಿದ್ದು ಸರಿಯೇ. ಆದರೆ ನೀವು ಯಾವ ಡಿವಿಷನ್‌ನಲ್ಲಿ ಆಡುತ್ತೀರಿ ಅಂತ ಯಾರೂ ಕೇಳಿದ ಹಾಗಿಲ್ಲ. ಅದು ತೀರ್ಮಾನವಾಗದೆ ಬೆಲ್ಟ್ ಕೂಡ ಕೊಳ್ಳಬಾರದು.

ಅದಕ್ಕೂ ಮುಂಚೆ ಈ ಆಟದಲ್ಲಿ ಅಂಕ ಹೇಗೆ ಬರುತ್ತದೆ ನೋಡಿ. ದುಡ್ಡು ಎಲ್ಲಿ ಹಾಕಬೇಕು ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಗಳಿಸಿದ ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸುತ್ತಾರೆ. ಬಂದ ಸಂಖ್ಯೆಗೆ ಹಿಟ್ ಫ್ಯಾಕ್ಟರ್ ಅಂತ ಹೆಸರು. ಗುರಿಹಲಗೆಯ ಎ ವಲಯಕ್ಕೆ 5 ಅಂಕ. ಮೈನರ್ ಶಕ್ತಿಯ (ಕಡಿಮೆ ಬಲದ; ಜಾಸ್ತಿ ಬಲದ್ದು ಮೇಜರ್) ತೋಟಾ ಆದರೆ ಸಿ ವಲಯಕ್ಕೆ 3, ಡಿ ವಲಯಕ್ಕೆ 1. ತಪ್ಪಿದರೆ 10 ಅಂಕ ಕಳೆಯುತ್ತಾರೆ. 12 ಗುಂಡುಗಳ ಒಂದು ಸ್ಟೇಜ್ (ಪಂದ್ಯದ ಒಂದು ಸುತ್ತು) ಇದೆ ಅನ್ನಿ. ಎಲ್ಲವೂ ಎ ವಲಯಕ್ಕೆ ಬಿದ್ದು 10 ಸೆಕೆಂಡ್ ಆದರೆ 60 ಭಾಗಿಸು 10, ಅಂದರೆ 6. ಅದೇ 10 ಸೆಕೆಂಡಿನಲ್ಲಿ ಒಂದು ಗುಂಡು ತಪ್ಪಿದರೆ ಉಳಿಯುವುದು 45 ಅಂಕ, ಹಿಟ್ ಫ್ಯಾಕ್ಟರ್ 4.5. ಆ 45 ಅಂಕದಲ್ಲೇ ಮತ್ತೆ 6ಕ್ಕೆ ಬರಬೇಕಾದರೆ 7.5 ಸೆಕೆಂಡಿನಲ್ಲಿ ಮುಗಿಸಬೇಕು. ಎರಡೂವರೆ ಸೆಕೆಂಡ್ ಉಳಿಸಿಕೊಡುವ ಹೋಲ್‌ಸ್ಟರನ್ನು ಇನ್ನೂ ಯಾರೂ ಮಾಡಿಲ್ಲ. ಪಿಸ್ತೂಲು ಮಧ್ಯದಲ್ಲಿ ಜಾಮ್ ಆದರೆ ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಹೊತ್ತು ಹೋಗುತ್ತದೆ. ಸುರಕ್ಷತೆಯ ನಿಯಮ ಮುರಿದು ಡಿಕ್ಯೂ (ಅನರ್ಹ) ಆದರಂತೂ ಆ ಇಡೀ ಪಂದ್ಯದ ಅಂಕ ಸೊನ್ನೆ, ಅವತ್ತಿಗೆ ಆಟ ಮುಗಿಯಿತು.

ಹಾಗಾಗಿ ಹೊಸಬರ ಸಾಮಾನಿನಲ್ಲಿ ನಾನು ನೋಡುವುದು ಎರಡೇ. ಡಿಕ್ಯೂ ಆಗದಂತೆ ಕಾಪಾಡುತ್ತದೆಯೇ? ಜಾಮ್ ಆಗದೆ ನಡೆಯುತ್ತದೆಯೇ? ವೇಗ ಕೊಡುವ ಸಾಮಾನು ಆಮೇಲಿನ ಮಾತು.

ಈಗ ಡಿವಿಷನ್. ಐಪಿಎಸ್‌ಸಿಯಲ್ಲಿ ಓಪನ್, ಸ್ಟ್ಯಾಂಡರ್ಡ್, ಕ್ಲಾಸಿಕ್, ಪ್ರೊಡಕ್ಷನ್, ಪ್ರೊಡಕ್ಷನ್ ಆಪ್ಟಿಕ್ಸ್, ರಿವಾಲ್ವರ್ ಹೀಗೆ ಹಲವು ಇವೆ. ನಿಮ್ಮಂಥವರಿಗೆ ಪ್ರೊಡಕ್ಷನ್ ಅಥವಾ ಪ್ರೊಡಕ್ಷನ್ ಆಪ್ಟಿಕ್ಸ್, ಎರಡರಲ್ಲಿ ಒಂದು. ಮೊದಲನೆಯದರಲ್ಲಿ ಲೋಹದ ಸೈಟ್, ಎರಡನೆಯದರಲ್ಲಿ ರೆಡ್ ಡಾಟ್. ಇವುಗಳಲ್ಲಿ ಕಾರ್ಖಾನೆಯಿಂದ ಬಂದ ಪಿಸ್ತೂಲನ್ನು ಹೆಚ್ಚುಕಮ್ಮಿ ಹಾಗೇ ಬಳಸಬೇಕು. ಒಪ್ಪಿಗೆ ಸಿಕ್ಕ ಮಾದರಿಗಳ ಪಟ್ಟಿಯೇ ಇದೆ. ಮ್ಯಾಗಜಿನ್‌ನಲ್ಲಿ 15 ಗುಂಡು. ಎಲ್ಲರ ತೋಟಾವನ್ನೂ ಮೈನರ್ ಅಂತಲೇ ಲೆಕ್ಕ ಹಾಕುತ್ತಾರೆ. ಜೋರಾಗಿ ಒದೆಯುವ ತೋಟಾ ತಂದರೂ ಒಂದು ಅಂಕ ಜಾಸ್ತಿ ಸಿಗುವುದಿಲ್ಲ. ಅಂದರೆ ಸಾಮಾನಿನ ಪೈಪೋಟಿ ಇಲ್ಲಿ ಕಡಿಮೆ.

ಓಪನ್ ನೋಡಲು ಚೆಂದ. ಒದೆತ ತಗ್ಗಿಸುವ ಕಾಂಪೆನ್ಸೇಟರ್, ಉದ್ದ ಮ್ಯಾಗಜಿನ್, ಡಾಟ್ ಎಲ್ಲವೂ ಇರುತ್ತದೆ. ಆದರೆ ಅಂಥ ಪಿಸ್ತೂಲಿಗೆ ಆಗಾಗ ರಿಪೇರಿ, ಹೊಂದಿಸುವ ಕೆಲಸ ಬೀಳುತ್ತಲೇ ಇರುತ್ತದೆ. ಮೊದಲ ವರ್ಷ ನೀವು ಶೂಟಿಂಗ್ ಕಲಿಯಬೇಕು, ಮೆಕ್ಯಾನಿಕ್ ಕೆಲಸ ಅಲ್ಲ. ಇನ್ನು ಕ್ಲಾಸಿಕ್. ಹಳೆಯ 1911 ಮಾದರಿಯ ಪಿಸ್ತೂಲುಗಳ ಮೇಲೆ ನನಗೂ ಪ್ರೀತಿ ಇದೆ. ಆದರೆ ಅಲ್ಲಿ ಮೈನರ್‌ಗೆ 10 ಗುಂಡು, ಮೇಜರ್‌ಗೆ 8 ಗುಂಡು. ಒಂದು ಜಾಗದಿಂದ 9ಕ್ಕಿಂತ ಹೆಚ್ಚು ಹೊಡೆತ ಬೇಡುವ ಹಾಗೆ ಸ್ಟೇಜ್ ಕಟ್ಟಬಾರದು ಅಂತ ನಿಯಮವಿದೆ. 15 ಗುಂಡು ಇದ್ದವರು ಎಲ್ಲಿ ಮ್ಯಾಗಜಿನ್ ಬದಲಿಸಬೇಕು ಅಂತ ತಾವೇ ಆರಿಸಿಕೊಳ್ಳುತ್ತಾರೆ. 8 ಗುಂಡಿನವರು ಜಾಗ ಬಿಟ್ಟಾಗಲೆಲ್ಲ ಬದಲಿಸುತ್ತಲೇ ಇರಬೇಕು. ಹೊಸಬರಿಗೆ ಅಷ್ಟು ಲೆಕ್ಕ ತಲೆಯಲ್ಲಿ ಬೇಡ.

ಈಗ ಪಿಸ್ತೂಲಿಗೆ ಬರೋಣ. ಕ್ಯಾಲಿಬರ್ 9 ಮಿಮೀ, ಅಂದರೆ 9x19. ಕಾನೂನು ಬಿಟ್ಟರೆ ಇದರಲ್ಲಿ ಎರಡನೇ ಯೋಚನೆ ಬೇಡ. ಒದೆತ ಕಡಿಮೆ, ತೋಟಾ ಸುಲಭವಾಗಿ ಸಿಗುತ್ತದೆ, ಪ್ರೊಡಕ್ಷನ್‌ಗೆ ಬೇಕಾದ ಕನಿಷ್ಠವೂ ಅದೇ. ಕೆಲವು ದೇಶಗಳಲ್ಲಿ ಕ್ಯಾಲಿಬರ್ ಮೇಲೆ, ಕೆಲವು ಕಡೆ ಮ್ಯಾಗಜಿನ್ ಅಳತೆಯ ಮೇಲೆ ಕಾನೂನಿನ ಮಿತಿ ಇದೆ. ಪರವಾನಗಿಯ ವಿಷಯ ಪೂರ್ತಿ ತಿಳಿದುಕೊಂಡ ಮೇಲೆಯೇ ಮುಂದಿನ ಹೆಜ್ಜೆ.

ಮಾದರಿ ಯಾವುದು? ಒಂದು ಕಡೆ ಗ್ಲಾಕ್ 17ರಂಥ ಪಾಲಿಮರ್ ಪಿಸ್ತೂಲುಗಳಿವೆ. ಮ್ಯಾಗಜಿನ್ ಇಲ್ಲದೆ ಅದರ ತೂಕ ಸುಮಾರು 630 ಗ್ರಾಂ. ಇನ್ನೊಂದು ಕಡೆ ಸಿಝಡ್ ಶ್ಯಾಡೋ 2ರಂಥ ಸ್ಟೀಲ್ ಪಿಸ್ತೂಲುಗಳು, ಸುಮಾರು 1,330 ಗ್ರಾಂ. ತೂಕ ಹೆಚ್ಚಿದಷ್ಟೂ ಒದೆತ ಕೈಗೆ ಮೆತ್ತಗಾಗುತ್ತದೆ, ಸೈಟ್ ಬೇಗ ವಾಪಸ್ ಬರುತ್ತದೆ. ಪ್ರೊಡಕ್ಷನ್‌ನಲ್ಲಿ ಮೇಲಿನ ಸ್ಥಾನದವರ ಕೈಯಲ್ಲಿ ಸ್ಟೀಲ್ ಪಿಸ್ತೂಲು ಜಾಸ್ತಿ ಕಾಣಿಸುವುದು ಇದಕ್ಕೇ. ನಿಮ್ಮ ಸ್ನೇಹಿತರು ಹೇಳಿದ್ದರಲ್ಲಿ ಹುರುಳಿದೆ.

ಆದರೆ ಅವರು ಹೇಳದೆ ಬಿಟ್ಟ ಒಂದು ವಿಷಯ ಇದೆ. ಪ್ರೊಡಕ್ಷನ್‌ನಲ್ಲಿ ಹೊರಗೆ ಹ್ಯಾಮರ್ (ತೋಟಾ ಸಿಡಿಸಲು ಬಡಿಯುವ ಸುತ್ತಿಗೆ) ಇರುವ ಪಿಸ್ತೂಲು ಆಟ ಶುರುವಾಗುವಾಗ ಹ್ಯಾಮರ್ ಪೂರ್ತಿ ಇಳಿಸಿಕೊಂಡೇ ಇರಬೇಕು. ಶ್ಯಾಡೋ 2ರಲ್ಲಿ ಹ್ಯಾಮರ್ ಇಳಿಸಲು ಬೇರೆ ಗುಂಡಿಯಿಲ್ಲ. ಚೇಂಬರಿನಲ್ಲಿ ಜೀವಂತ ತೋಟಾ ಇದ್ದಾಗಲೇ ಹ್ಯಾಮರನ್ನು ಬೆರಳಲ್ಲಿ ಹಿಡಿದು, ಟ್ರಿಗರ್ ಒತ್ತಿ, ನಿಧಾನವಾಗಿ ಇಳಿಸಬೇಕು. ಮೊದಲ ಪಂದ್ಯ, ಬೆವರಿದ ಕೈ, ಹಿಂದೆ ರೇಂಜ್ ಆಫೀಸರ್ (ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿ), ಅವರ ಹಿಂದೆ ಇಡೀ ಸ್ಕ್ವಾಡ್ (ಜೊತೆಯಲ್ಲಿ ಆಡುವವರ ಗುಂಪು) ನೋಡುತ್ತಿರುತ್ತದೆ. ಹ್ಯಾಮರ್ ಜಾರಿದರೆ ಗುಂಡು ಹಾರುತ್ತದೆ. ಇನ್ನೂ ಆಟವೇ ಶುರುವಾಗಿರುವುದಿಲ್ಲ, ನೀವು ಡಿಕ್ಯೂ ಆಗಿರುತ್ತೀರಿ. ಅನುಭವಿಗಳಿಗೂ ಹೀಗೆ ಆಗಿದೆ. ಅದರ ಜೊತೆಗೆ ಮೊದಲ ಹೊಡೆತದ ಟ್ರಿಗರ್ ಉದ್ದ, ಬಿಗಿ. ಎರಡನೆಯದು ಚಿಕ್ಕದು, ಹಗುರ. ಎರಡು ಥರದ ಟ್ರಿಗರನ್ನು ಒಟ್ಟಿಗೆ ಕಲಿಯಬೇಕು.

ಗ್ಲಾಕ್‌ನಂಥ ಸ್ಟ್ರೈಕರ್ ಪಿಸ್ತೂಲಿನಲ್ಲಿ (ಹ್ಯಾಮರ್ ಬದಲು ಒಳಗಿನ ಸ್ಪ್ರಿಂಗ್ ಪಿನ್ನೇ ತೋಟಾಗೆ ಬಡಿಯುವಂಥದ್ದು) ಈ ತಲೆನೋವು ಇಲ್ಲ. ಪ್ರತಿ ಹೊಡೆತಕ್ಕೂ ಒಂದೇ ಟ್ರಿಗರ್, ಇಳಿಸಲು ಹ್ಯಾಮರೇ ಇಲ್ಲ. ಅದಕ್ಕೇ ನಾನು ಹೊಸಬರಿಗೆ ಪೂರ್ತಿ ಅಳತೆಯ, ನಾಲ್ಕೂವರೆ ಇಂಚು ಆಸುಪಾಸಿನ ನಳಿಗೆಯ ಸ್ಟ್ರೈಕರ್ ಪಿಸ್ತೂಲನ್ನೇ ಹೇಳುವುದು. ನಿಮ್ಮ ವಿಷಯ ಸ್ವಲ್ಪ ಬೇರೆ. ಟ್ರಿಗರ್ ಶಿಸ್ತು ಇರುವವರು. ದಿನಾ ಖಾಲಿ ಪಿಸ್ತೂಲಿನಲ್ಲಿ ಹ್ಯಾಮರ್ ಇಳಿಸುವುದನ್ನು ಅಭ್ಯಾಸ ಮಾಡುವ ತಾಳ್ಮೆ ಇದ್ದರೆ ಸ್ಟೀಲ್‌ಗೇ ಹೋಗಿ, ನಾನು ಬೇಡ ಅನ್ನುವುದಿಲ್ಲ. ಡಿಕಾಕರ್ (ಹ್ಯಾಮರನ್ನು ಸುರಕ್ಷಿತವಾಗಿ ಇಳಿಸುವ ಗುಂಡಿ) ಇರುವ ಸ್ಟೀಲ್ ಮಾದರಿಗಳೂ ಇವೆ. ಅದು ನಡುವಿನ ದಾರಿ.

ಏರ್ ಪಿಸ್ತೂಲಿನಿಂದ ಬಂದವರಿಗೆ ಟ್ರಿಗರ್ ವಿಷಯದಲ್ಲಿ ಒಂದು ಎಚ್ಚರಿಕೆ. ಅಲ್ಲಿ ನಿಮ್ಮ ಟ್ರಿಗರ್ ಒತ್ತಲು 500 ಗ್ರಾಂ ಭಾರ ಸಾಕು. ಪ್ರೊಡಕ್ಷನ್‌ನಲ್ಲಿ ಮೊದಲ ಹೊಡೆತಕ್ಕೆ ಕನಿಷ್ಠ 2.27 ಕಿಲೋ ಇರಬೇಕು, ಇಲ್ಲವೇ ಪ್ರತಿ ಹೊಡೆತಕ್ಕೂ ಕನಿಷ್ಠ 1.36 ಕಿಲೋ ಇರಬೇಕು. ಮೊದಲ ಸಲ ಒತ್ತಿದಾಗ ಇದೇನು ಬಾಗಿಲ ಚಿಲಕವೇ ಅನ್ನಿಸುತ್ತದೆ. ಆ ಸಿಟ್ಟಿಗೆ ತಕ್ಷಣ ಟ್ರಿಗರ್ ಕಿಟ್ ಹಾಕಿಸಲು ಹೋಗಬೇಡಿ. ಕೆಲವು ತಿಂಗಳಲ್ಲಿ ಬೆರಳು ಒಗ್ಗಿಕೊಳ್ಳುತ್ತದೆ. ಸ್ಪ್ರಿಂಗ್ ಸಡಿಲಿಸಿದ ಪಿಸ್ತೂಲುಗಳಲ್ಲಿ ಹ್ಯಾಮರ್ ಏಟು ಮೆತ್ತಗಾಗಿ, ಗಟ್ಟಿ ಪ್ರೈಮರ್ (ತೋಟಾದ ಹಿಂಬದಿಯ, ಕಿಡಿ ಹೊತ್ತಿಸುವ ಭಾಗ) ಇರುವ ತೋಟಾ ಕೆಲವೊಮ್ಮೆ ಸಿಡಿಯುವುದೇ ಇಲ್ಲ. ಸೆಕೆಂಡ್ ಹ್ಯಾಂಡ್ ಪಿಸ್ತೂಲು ನೋಡುವಾಗಲೂ ಇದನ್ನು ಕೇಳಿ: ಯಾವ ಸ್ಪ್ರಿಂಗ್ ಬದಲಿಸಿದ್ದೀರಿ, ಯಾವ ತೋಟಾ ಬಳಸುತ್ತಿದ್ದೀರಿ, ಹಳೆಯ ಬಿಡಿಭಾಗ ಇಟ್ಟಿದ್ದೀರಾ? ಉತ್ತರ ತಡವರಿಸಿದರೆ ಬಿಟ್ಟುಬಿಡಿ.

ಕೈಗೆ ಹೊಂದುತ್ತದೆಯೇ ಅಂತ ನೋಡುವುದು ಕಷ್ಟ ಅಲ್ಲ. ಖಾಲಿ ಪಿಸ್ತೂಲನ್ನು, ಎರಡೆರಡು ಸಲ ಖಾಲಿ ಅಂತ ಖಾತ್ರಿ ಮಾಡಿಕೊಂಡು, ಹಿಡಿಯ ಮೇಲ್ತುದಿಗೆ ಹೆಬ್ಬೆರಳ ಸಂದು ಒತ್ತಿಕೊಳ್ಳುವಂತೆ ಹಿಡಿಯಿರಿ. ಹಿಡಿತ ತಿರುಗಿಸದೆ ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆ ಭಾಗ ಟ್ರಿಗರ್ ಮೇಲೆ ಕೂರಬೇಕು. ಮ್ಯಾಗಜಿನ್ ಗುಂಡಿ ಹೆಬ್ಬೆರಳಿಗೆ ಎಟುಕಬೇಕು. ಎಡಗೈ ಅಂಗೈಗೆ ಹಿಡಿಯ ಮೇಲೆ ಜಾಗ ಉಳಿಯಬೇಕು. ಏರ್ ಪಿಸ್ತೂಲಿನ ಮರದ ಹಿಡಿ ನಿಮ್ಮ ಕೈಯ ಅಚ್ಚಿಗೇ ಮಾಡಿದ್ದು, ಒಂದೇ ಕೈಯದ್ದು. ಇಲ್ಲಿ ಒದೆತ ತಡೆಯುವುದರಲ್ಲಿ ಎಡಗೈ ಪಾಲು ದೊಡ್ಡದು. ಹಿಂಭಾಗದ ಪಟ್ಟಿ ಬದಲಿಸಿಕೊಳ್ಳುವಂಥ ಮಾದರಿಗಳು ಚಿಕ್ಕ ಕೈಯವರಿಗೆ ಬಹಳ ಅನುಕೂಲ. ಸಾಧ್ಯವಾದರೆ ಪರಿಚಯದವರ ಪಿಸ್ತೂಲಿನಲ್ಲಿ ರೇಂಜ್‌ನಲ್ಲೇ ಒಂದೆರಡು ಮ್ಯಾಗಜಿನ್ ಹೊಡೆದು ನೋಡಿ. ಈ ಆಟದವರು ಕೇಳಿದರೆ ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ.

ರೆಡ್ ಡಾಟ್ ಬೇಕೇ? ಕಣ್ಣಿಗೆ ಹತ್ತಿರದ್ದು ಮಸುಕಾಗುವ ವಯಸ್ಸಾಗಿದ್ದರೆ ಯೋಚಿಸದೆ ಡಾಟ್ ತಗೊಳ್ಳಿ. ಗುರಿಯನ್ನು ನೋಡಿದರೆ ಸಾಕು, ಚುಕ್ಕಿ ಅದರ ಮೇಲೆ ಬಂದು ಕೂರುತ್ತದೆ. ಬೇರೆಯವರಿಗೂ ಡಾಟ್ ಒಳ್ಳೆಯ ಮೇಷ್ಟ್ರು. ಟ್ರಿಗರ್ ಎಳೆಯುವಾಗ ಕೈ ಎಷ್ಟು ಅಲ್ಲಾಡಿತು ಅಂತ ಕಣ್ಣಿಗೇ ಕಾಣುತ್ತದೆ. ಕಷ್ಟ ಎಲ್ಲಿ ಅಂದರೆ, ಪಿಸ್ತೂಲು ಎತ್ತಿದಾಗ ಗಾಜಿನೊಳಗೆ ಚುಕ್ಕಿಯೇ ಇರುವುದಿಲ್ಲ. ಹುಡುಕುತ್ತಾ ನಿಂತರೆ ಸಮಯ ಹೋಗುತ್ತದೆ. ಸಾವಿರಾರು ಸಲ ಎತ್ತಿದ ಮೇಲೆಯೇ ಅದು ತಾನಾಗಿ ಬರುವುದು. ದೊಡ್ಡ ಕಿಟಕಿಯ, 5–6 ಎಂಒಎ (ಚುಕ್ಕಿಯ ಗಾತ್ರದ ಅಳತೆ) ಚುಕ್ಕಿಯ ಡಾಟ್ ಹೊಸಬರಿಗೆ ಸುಲಭ. 6 ಎಂಒಎ ಅಂದರೆ 10 ಮೀಟರ್‌ನಲ್ಲಿ 17–18 ಮಿಮೀ ಅಗಲ. ಗುರಿ ಮುಚ್ಚಿಹೋಗುತ್ತದೆ ಅನ್ನುವ ಭಯ ಬೇಡ.

ನಿಮಗೆ ಮಾತ್ರ ನನ್ನ ಸಲಹೆ ಲೋಹದ ಸೈಟ್‌ನಿಂದಲೇ ಶುರು ಮಾಡಿ ಅಂತ. ಸೈಟ್ ಜೋಡಿಸುವುದು ಕೈಗೆ ಬಂದ ವಿದ್ಯೆ ಅಲ್ವಾ? ಮುಂದಿನ ಸೈಟ್‌ನಲ್ಲಿ ಫೈಬರ್ ಕಡ್ಡಿ, ಹಿಂದೆ ಚುಕ್ಕಿಯಿಲ್ಲದ ಕಪ್ಪು ಸೈಟ್ ಇದ್ದರೆ ಸಾಕು. ನೀವು ಬಿಡಬೇಕಾದ್ದು ಪೂರ್ತಿ ಸರಿಯಾಗುವವರೆಗೂ ಕಾಯುವ ಅಭ್ಯಾಸ. 7 ಮೀಟರ್ ದೂರದ ಹಲಗೆಗೆ ಹೆಚ್ಚುಕಮ್ಮಿ ಸರಿ ಇದ್ದರೂ ಎ ವಲಯಕ್ಕೇ ಬೀಳುತ್ತದೆ. ಪಿಸ್ತೂಲು ಕೊಳ್ಳುವಾಗ ಮೇಲೆ ಡಾಟ್ ಕೂರಿಸಲು ಜಾಗ ಕೊರೆದಿರುವ ಮಾದರಿ ಸಿಕ್ಕರೆ ತಗೊಂಡಿಡಿ, ಆದರೆ ಅದು ಯಾವ ಡಿವಿಷನ್ನಿನ ಪಟ್ಟಿಯಲ್ಲಿದೆ ಅಂತ ನೋಡಿಕೊಂಡು.

ಇನ್ನು ಬೆಲ್ಟ್. ಜನ ಜಿಪುಣತನ ಮಾಡುವುದು ಇಲ್ಲೇ. ಪಿಸ್ತೂಲಿಗೆ ಕೈತುಂಬಾ ಕೊಟ್ಟು, ಪ್ಯಾಂಟಿನ ಮೆತ್ತನೆ ಬೆಲ್ಟಿಗೆ ಹೋಲ್‌ಸ್ಟರ್ ಸಿಕ್ಕಿಸಿಕೊಂಡು ಬರುತ್ತಾರೆ. ಪಿಸ್ತೂಲು ಎಳೆದಾಗ ಹೋಲ್‌ಸ್ಟರೂ ಜೊತೆಗೆ ಎದ್ದು ಬರುತ್ತದೆ. ಎರಡು ಪದರದ ಬೆಲ್ಟ್ ಕೊಳ್ಳಿ: ಒಳಗಿನದು ಪ್ಯಾಂಟಿನ ಲೂಪ್‌ಗಳಲ್ಲಿ, ಹೊರಗಿನ ಗಟ್ಟಿ ಪಟ್ಟಿ ವೆಲ್ಕ್ರೋದಿಂದ ಅದರ ಮೇಲೆ. ಬೆಲ್ಟ್ ಗಟ್ಟಿಯಾಗಿದ್ದರೆ ಹೋಲ್‌ಸ್ಟರ್, ಮ್ಯಾಗಜಿನ್ ಪೌಚ್ ಪ್ರತಿ ಸಲವೂ ಅದದೇ ಜಾಗದಲ್ಲಿರುತ್ತವೆ. ಕೈ ಕಲಿಯುವುದು ಜಾಗವನ್ನೇ ತಾನೆ.

ಹೋಲ್‌ಸ್ಟರ್ ಕೈಡೆಕ್ಸ್‌ನಂಥ ಗಟ್ಟಿ ಪ್ಲಾಸ್ಟಿಕ್‌ನದ್ದು ಇರಲಿ, ನಿಮ್ಮ ಮಾದರಿಗೇ ಅಚ್ಚು ಹಾಕಿದ್ದಿರಲಿ. ಟ್ರಿಗರ್ ಪೂರ್ತಿ ಮುಚ್ಚಬೇಕು. ಪಿಸ್ತೂಲು ತೆಗೆದ ಮೇಲೂ ಬಾಯಿ ತೆರೆದೇ ಇರಬೇಕು. ಬಟ್ಟೆಯ, ಬಾಯಿ ಮುಚ್ಚಿಕೊಳ್ಳುವ ಹೋಲ್‌ಸ್ಟರ್‌ಗೆ ಪಿಸ್ತೂಲು ವಾಪಸ್ ಹಾಕುವಾಗ ಎಡಗೈ ನಳಿಗೆಯ ಮುಂದೆ ಬರುತ್ತದೆ. ಅದು ಅಪಾಯ, ಡಿಕ್ಯೂ ಕೂಡ. ಪ್ರೊಡಕ್ಷನ್‌ನಲ್ಲಿ ಹೋಲ್‌ಸ್ಟರ್, ಪೌಚ್ ಎಲ್ಲವೂ ಸೊಂಟದ ಮೂಳೆಯ ಹಿಂದೆಯೇ ಇರಬೇಕು, ಬೆಲ್ಟಿನ ಒಳಮೈಯಿಂದ 50 ಮಿಮೀಗಿಂತ ಆಚೆ ಹೋಗಬಾರದು. ಭುಜಕ್ಕೆ ನೇತುಹಾಕುವ, ತೊಡೆಗೆ ಕಟ್ಟುವ ಹೋಲ್‌ಸ್ಟರ್‌ಗೆ ಯಾವ ಡಿವಿಷನ್‌ನಲ್ಲೂ ಜಾಗವಿಲ್ಲ. ನಿಮಗೆ ಹೇಳಿದ ರೇಸ್ ಹೋಲ್‌ಸ್ಟರ್ ಪಿಸ್ತೂಲನ್ನು ಟ್ರಿಗರ್ ಗಾರ್ಡ್ ಹತ್ತಿರ ಮಾತ್ರ ಹಿಡಿದುಕೊಳ್ಳುತ್ತದೆ. ಲಾಕ್ ಹಾಕುವುದು ಮರೆತು ಓಡಿದರೆ ಪಿಸ್ತೂಲು ನೆಲಕ್ಕೆ ಬೀಳುತ್ತದೆ. ಬಿದ್ದರೆ ಮನೆಗೆ. ಸದ್ಯಕ್ಕೆ ಬೇಡವೇ ಬೇಡ.

ಮ್ಯಾಗಜಿನ್ ಎಷ್ಟು? ಉದ್ದದ ಸ್ಟೇಜ್‌ನಲ್ಲಿ 32 ಗುಂಡುಗಳವರೆಗೂ ಬೇಕಾಗುತ್ತದೆ. 15ರ ಲೆಕ್ಕದಲ್ಲಿ ಎರಡು ಮ್ಯಾಗಜಿನ್‌ಗೆ 30 ಆಯಿತು. ಆದರೆ ಯಾರೂ ಪೂರ್ತಿ ಖಾಲಿಯಾಗುವವರೆಗೆ ಕಾಯುವುದಿಲ್ಲ. ಒಂದು ಜಾಗದಿಂದ ಇನ್ನೊಂದಕ್ಕೆ ಓಡುವಾಗಲೇ, ಒಳಗೆ ನಾಲ್ಕೈದು ಗುಂಡು ಉಳಿದಿದ್ದರೂ ಬದಲಿಸುತ್ತಾರೆ. ತಪ್ಪಿದ್ದಕ್ಕೆ ಮತ್ತೆ ಹೊಡೆಯಲೂ ಬೇಕು. ಹಾಗಾಗಿ ಪಿಸ್ತೂಲಿನೊಳಗೆ ಒಂದು, ಬೆಲ್ಟಿನಲ್ಲಿ ನಾಲ್ಕು, ಒಟ್ಟು ಐದು. ಕಂಪನಿಯದ್ದೇ ಮ್ಯಾಗಜಿನ್ ಕೊಳ್ಳಿ. ಪಿಸ್ತೂಲು ಜಾಮ್ ಆದರೆ ಮೊದಲು ಅನುಮಾನ ಪಡಬೇಕಾದ್ದು ಮ್ಯಾಗಜಿನ್ ಮೇಲೆ. ಪ್ರತಿಯೊಂದಕ್ಕೂ ನಂಬರ್ ಬರೆಯಿರಿ. ಮೂರನೇ ನಂಬರೇ ಪದೇಪದೇ ತೊಂದರೆ ಕೊಡುತ್ತಿದೆ ಅಂತ ಗೊತ್ತಾಗುವುದು ಆಗಲೇ. ಮಣ್ಣಿಗೆ ಬಿದ್ದಿದ್ದನ್ನು ಒರೆಸಲು ಒಂದು ಬ್ರಷ್ ಬ್ಯಾಗಿನಲ್ಲಿರಲಿ.

ತೋಟಾದ ಲೆಕ್ಕ ಇಷ್ಟೇ. ಗುಂಡಿನ ತೂಕವನ್ನು ಗ್ರೇನ್‌ನಲ್ಲಿ, ವೇಗವನ್ನು ಸೆಕೆಂಡಿಗೆ ಅಡಿಯಲ್ಲಿ ತಗೊಂಡು ಗುಣಿಸಿ, 1,000ದಿಂದ ಭಾಗಿಸಿದರೆ ಪವರ್ ಫ್ಯಾಕ್ಟರ್. ಮೈನರ್‌ಗೆ 125 ಮುಟ್ಟಬೇಕು. 124 ಗ್ರೇನ್ ಗುಂಡು 1,050 ಅಡಿ ವೇಗದಲ್ಲಿ ಹೋದರೆ 130.2. 147 ಗ್ರೇನ್ ಗುಂಡು 890 ಅಡಿಗೇ 130.8 ಕೊಡುತ್ತದೆ. ಭಾರದ ಗುಂಡು ನಿಧಾನ ಹೋಗುತ್ತದೆ, ಅದರ ಒದೆತ ಕೈಗೆ ಮೆತ್ತಗನ್ನಿಸುತ್ತದೆ ಅಂತ ಬಹಳ ಜನ ಅದನ್ನೇ ಇಷ್ಟಪಡುತ್ತಾರೆ. ಕಾರ್ಖಾನೆಯ ಸಾಮಾನ್ಯ 9 ಮಿಮೀ ತೋಟಾ ಹೆಚ್ಚಾಗಿ 125 ದಾಟಿಯೇ ಇರುತ್ತದೆ. ಪಂದ್ಯದಲ್ಲಿ ವೇಗ ಅಳೆದು 125ಕ್ಕಿಂತ ಕಡಿಮೆ ಬಂದರೆ ಹೊಡೆಯಲು ಬಿಡುತ್ತಾರೆ, ಅಂಕ ಕೊಡುವುದಿಲ್ಲ. ಮೊದಲ ವರ್ಷ ಒಂದೇ ಕಂಪನಿಯ ಒಂದೇ ತೋಟಾ ಹಿಡಿದುಕೊಳ್ಳಿ. ಸ್ವಂತವಾಗಿ ತೋಟಾ ತುಂಬುವ ಯಂತ್ರದ ಯೋಚನೆ ಈಗಲೇ ಬೇಡ.

ಕಿವಿ, ಕಣ್ಣಿನ ವಿಷಯದಲ್ಲಿ ಅಗ್ಗದ್ದು ಬೇಡ. ಏರ್ ಪಿಸ್ತೂಲಿನ ಸದ್ದಿಗೆ ಒಗ್ಗಿದವರಿಗೆ ಇದು ಬೇರೆಯೇ ಲೋಕ. ಪಿಸ್ತೂಲಿನ ಸದ್ದು 150 ಡೆಸಿಬೆಲ್ ದಾಟುತ್ತದೆ. ಒಂದೇ ಸಲದ ಸದ್ದಿಗೆ 140 ಡೆಸಿಬೆಲ್ ಅನ್ನುವುದೇ ಅಪಾಯದ ಗೆರೆ. ಎಲೆಕ್ಟ್ರಾನಿಕ್ ಇಯರ್ ಮಫ್ ತಗೊಳ್ಳಿ. ರೇಂಜ್ ಆಫೀಸರ್ ಮಾತು ಕೇಳಿಸಬೇಕು, ಗುಂಡಿನ ಸದ್ದು ತಡೆಯಬೇಕು. ಒಳಾಂಗಣವಾದರೆ ಅದರ ಕೆಳಗೆ ಫೋಮ್ ಪ್ಲಗ್ ಕೂಡ ಹಾಕಿ. ಕನ್ನಡಕ ಏಟು ತಡೆಯುವ ಮಾನದಂಡದ್ದಿರಲಿ, ಪಕ್ಕವೂ ಮುಚ್ಚಲಿ. ಲೋಹದ ಗುರಿಗೆ 7 ಮೀಟರ್‌ಗಿಂತ ಹತ್ತಿರದಿಂದ ಹೊಡೆಯುವಂತಿಲ್ಲ, ಆದರೂ ಚೂರುಗಳು ಹಾರಿ ಬರುವುದುಂಟು.

ಶೂ ಮಣ್ಣಿನಲ್ಲಿ ಜಾರದಂಥದ್ದು ಸಾಕು. ಬಟ್ಟೆ ಯಾವುದಾದರೂ ಸರಿ, ಮಿಲಿಟರಿ ಚಿತ್ತಾರದ್ದು ಮಾತ್ರ ಬೇಡ, ಐಪಿಎಸ್‌ಸಿ ನಿಯಮ ಒಪ್ಪುವುದಿಲ್ಲ. ಕೈಗವಸು, ಮೊಣಕಾಲು ಪಟ್ಟಿ, ಪಿಸ್ತೂಲಿಗೆ ಬಣ್ಣದ ಗುಂಡಿಗಳು, ಇವೆಲ್ಲ ಸುಮ್ನೆ ಖರ್ಚು.

ಒಂದು ಶಾಟ್ ಟೈಮರ್ (ಶುರುವಿನ ಸದ್ದು ಕೊಟ್ಟು ಹೊಡೆತಗಳ ಸಮಯ ಅಳೆಯುವ ಯಂತ್ರ) ಮಾತ್ರ ಬೇಗ ಕೊಳ್ಳಿ. ಈ ಆಟದ ಅರ್ಧ ಅಭ್ಯಾಸ ಮನೆಯಲ್ಲಿ, ಖಾಲಿ ಪಿಸ್ತೂಲಿನಲ್ಲಿ ನಡೆಯುತ್ತದೆ: ಎಳೆಯುವುದು, ಮ್ಯಾಗಜಿನ್ ಬದಲಿಸುವುದು, ಒಂದು ಗುರಿಯಿಂದ ಇನ್ನೊಂದಕ್ಕೆ ಹೊರಳುವುದು. ನಿಜವಾದ ತೋಟಾ ಆ ಕೋಣೆಯಲ್ಲೇ ಇರಬಾರದು. ಅಭ್ಯಾಸಕ್ಕೆ ಡಮ್ಮಿ ತೋಟಾ ಬಳಸಿ. ಆದರೆ ಪಂದ್ಯದ ಜಾಗದ ಸೇಫ್ಟಿ ಏರಿಯಾಗೆ (ಖಾಲಿ ಪಿಸ್ತೂಲು ಮುಟ್ಟಲು ಬಿಟ್ಟ ಜಾಗ) ಡಮ್ಮಿ ತೋಟಾವನ್ನೂ ಒಯ್ಯಬೇಡಿ. ಅಲ್ಲಿ ಅದನ್ನು ಮುಟ್ಟಿದರೂ ಡಿಕ್ಯೂ. ಹೊಸಬರಿಗೆ ಇದನ್ನು ಯಾರೂ ಹೇಳಿರುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಪರವಾನಗಿಗೆ ತಡವಾಗುತ್ತದೆ ಅಂತಾದರೆ ಕೈಕಟ್ಟಿ ಕೂರಬೇಕಿಲ್ಲ. ಐಪಿಎಸ್‌ಸಿಯಲ್ಲೇ ಆಕ್ಷನ್ ಏರ್ ಅನ್ನುವ ವಿಭಾಗವಿದೆ. 6 ಮಿಮೀ ಪ್ಲಾಸ್ಟಿಕ್ ಗುಂಡಿನ ಏರ್‌ಸಾಫ್ಟ್ ಪಿಸ್ತೂಲಿನಲ್ಲಿ ಇದೇ ಆಟ. ಅದಕ್ಕೂ ಕಾನೂನು ಒಂದೊಂದು ಕಡೆ ಒಂದೊಂದು ಥರ, ವಿಚಾರಿಸಿಕೊಳ್ಳಿ. ಒದೆತ ಒಂದು ಬಿಟ್ಟರೆ ಎಳೆಯುವುದು, ಓಡುವುದು, ನಳಿಗೆ ಎತ್ತ ಇದೆ ಅನ್ನುವ ಎಚ್ಚರ, ಎಲ್ಲವೂ ಅಲ್ಲೇ ರೂಢಿಯಾಗುತ್ತದೆ. ನೀವು ಕೊಳ್ಳಲಿರುವ ಪಿಸ್ತೂಲಿನ ಮಾದರಿಯದ್ದೇ ಏರ್‌ಸಾಫ್ಟ್ ಸಿಕ್ಕರೆ ಬೆಲ್ಟ್, ಪೌಚ್ ಕೂಡ ಬಹುತೇಕ ಅವೇ ಸಾಕು.

ನಿಮ್ಮ ವಿಷಯದಲ್ಲಿ ಕ್ರಮ ಹೀಗಿರಲಿ. ಈ ವಾರ ಕಿವಿ, ಕಣ್ಣಿನ ರಕ್ಷಣೆ ತಗೊಂಡು ಒಂದು ಪಂದ್ಯಕ್ಕೆ ಹೋಗಿ, ಹೊಡೆಯದೆ ಸುಮ್ನೆ ಸ್ಕ್ವಾಡ್ ಜೊತೆ ಓಡಾಡಿ. ಹರಿದ ಗುರಿಗಳಿಗೆ ಟೇಪ್ ಅಂಟಿಸಲು ಕೈಜೋಡಿಸಿ. ಅಲ್ಲಿ ಪ್ರೊಡಕ್ಷನ್ ಆಡುವವರು ಏನು ಹಿಡಿದಿದ್ದಾರೆ, ಯಾವ ಪಿಸ್ತೂಲು ಜಾಮ್ ಆಗುತ್ತಿದೆ, ಯಾವುದಕ್ಕೆ ಬಿಡಿಭಾಗ ಬೇಗ ಸಿಗುತ್ತದೆ ಕೇಳಿ. ಆಮೇಲೆ ಪಿಸ್ತೂಲು, ಅದಕ್ಕೆ ಹೊಂದುವ ಹೋಲ್‌ಸ್ಟರ್, ಬೆಲ್ಟ್, ಮ್ಯಾಗಜಿನ್ ಒಟ್ಟಿಗೆ ಕೊಳ್ಳಿ. ಜೊತೆಗೆ ಒಂದು ರೀಕಾಯಿಲ್ ಸ್ಪ್ರಿಂಗ್, ಒಂದು ಫೈಬರ್ ಕಡ್ಡಿ ಹೆಚ್ಚಿಗೆ ಇರಲಿ. ಪಂದ್ಯಕ್ಕೆ ಹೆಸರು ಕೊಡುವ ಮುಂಚೆ ಅದೇ ತೋಟಾದಲ್ಲಿ, ಐದೂ ಮ್ಯಾಗಜಿನ್ ಬದಲಿಸಿಕೊಂಡು, 200 ಗುಂಡುಗಳನ್ನಾದರೂ ಹೊಡೆಯಿರಿ. ಒಂದೂ ಜಾಮ್ ಇಲ್ಲದೆ ಮುಗಿದರೆ ಹೆಸರು ಕೊಡಿ. ಜಾಮ್ ಆದರೆ ಯಾವ ನಂಬರಿನ ಮ್ಯಾಗಜಿನ್‌ನಲ್ಲಿ ಆಯಿತು ಅಂತ ಬರೆದಿಟ್ಟುಕೊಂಡು, ಅದನ್ನು ಬದಿಗಿಟ್ಟು ಮತ್ತೆ ಹೊಡೆದು ನೋಡಿ.